ಡಾಕ್ಟರ ಹೆಂಡತಿಯ ವಯಸ್ಸು

ಮುಪ್ಪು ತಡೆಯುವ ಪೆಪ್ಟೈಡ್ ಚುಚ್ಚುಮದ್ದಿಗೆಂದು ಸಿಯೋಲ್‌ನ ಆ ಕ್ಲಿನಿಕ್ಕಿಗೆ ಮೊದಲ ಸಲ ಬಂದಿದ್ದ ಮಾಲ್ಸುನ್, ಬೆನ್ನ ಹಿಂದಿನ ಸೋಫಾದಲ್ಲಿ ಅಕ್ಕತಂಗಿಯರು ಪಿಸುಗುಟ್ಟುವುದನ್ನು ಕೇಳಿಸಿಕೊಂಡಳು. ತಂಗಿ ಡಾಕ್ಟರ ಹೆಂಡತಿ. ಗೋಡೆಯ ತುಂಬ ಅವಳದೇ ಫೋಟೊ, ಕೆಳಗೆ ‘ಅರವತ್ತರ ಹರೆಯ’ ಎಂಬ ಬರಹ.

“ನಾಳೆ ನಿಂಗೆ ಅರವತ್ತು ತುಂಬಿದ ಔತಣವಂತೆ. ನಂಗೇ ಇನ್ನೂ ಐವತ್ತೆರಡು ಕಣೇ!”

“ಮೆತ್ತಗೆ ಮಾತಾಡು. ಟಿವಿಯವರೂ ಬರ್ತಿದಾರೆ.”

“ನಿಜ ಹೇಳಿಬಿಡೇ.”

“ಹೆಂಗೆ ಹೇಳ್ಲಿ? ಮೊನ್ನೆ ಮಾರ್ಕೆಟ್ಟಲ್ಲಿ ನನ್ನ ಜತೆ ಓದಿದ ಮೀಜಾ ಸಿಕ್ಕಿ, ‘ಲೇ ನಾನ್ಹೀ’ ಅಂತ ಕೈ ಹಿಡ್ಕೊಂಡ್ಳು. ಪಕ್ಕದಲ್ಲಿ ಇಲ್ಲಿಯ ಪೇಷಂಟ್ ಒಬ್ರು ಇದ್ರು. ‘ಯಾರಮ್ಮಾ ನೀನು’ ಅಂದ್ಬಿಟ್ಟೆ.”

“ಅಯ್ಯೋ ಪಾಪಿ! ಹೋಗ್ಲಿ, ಆ ಔಷಧಿ ನಿನ್ನ ಗಂಡ ನಿಂಗೂ ಚುಚ್ತಾನಾ?”

“ಒಂದು ಸಲಾನೂ ಇಲ್ಲ. ಇಲಿಗಳ ಮೇಲೆ ನೋಡಿದ್ದಷ್ಟೇ, ಮನುಷ್ಯರಿಗೆ ಏನಾಗುತ್ತೋ ಗೊತ್ತಿಲ್ಲ, ನಿಂಗೆ ಬೇಡ ಅಂತಾರೆ.”

“ಎದ್ದು ನಮ್ಮನೆಗೆ ಬಂದ್ಬಿಡು.”

“ಈ ಮುಖ ಎಲ್ಲಿ ಬಿಟ್ಟು ಬರ್ಲಿ? ಬಸ್ಸಿನ ಮೇಲಿನ ಜಾಹೀರಾತಲ್ಲೂ ನಾನೇ ಇದೀನಿ.”

ಅಷ್ಟರಲ್ಲಿ ಒಳಬಾಗಿಲು ತೆರೆದು ಡಾಕ್ಟರು ನಗುತ್ತ ಬಂದು ನಿಂತರು. ಅಕ್ಕ ಎದ್ದು, ತಂಗಿಯ ಮೊಣಕೈ ಹಿಡಿದು, ಎಲ್ಲರಿಗೂ ಕೇಳುವಂತೆ ಹೇಳಿದಳು:

“ನಿಧಾನಕ್ಕೆ ಏಳಕ್ಕಾ.”

ಕಾದು ಕೂತಿದ್ದ ಹೆಂಗಸರೆಲ್ಲ ಬೆರಗಾಗಿ, ಒಳಗೆ ಹೋಗುತ್ತಿದ್ದ ಆ ‘ಅಕ್ಕ’ನನ್ನೇ ನೋಡಿದರು. ಮಾಲ್ಸುನ್ ಮಾತ್ರ ತನ್ನ ಕೋಟು ಹುಡುಕುತ್ತಿದ್ದಳು.