ಬಾಡಿಗೆಗೆ ಬಿಟ್ಟ ಷೇರು

“ಬಿಡಿಸಿಕೊಳ್ಳಲೋ, ಹೋದರೆ ಹೋಗಲಿ ಅಂತ ಬಿಡಲೋ?”

ಹಲ್ಲಿನ ವೈದ್ಯರ ಕೋಣೆಯ ಹೊರಗೆ ಕೂತಿದ್ದ ಗಂಡಸು ಮೊಬೈಲ್ ನೋಡುತ್ತ, ಯಾರನ್ನೂ ಉದ್ದೇಶಿಸದೆ ಕೇಳಿದ. ಎದುರಿಗೆ ಸರದಿಗಾಗಿ ಕಾಯುತ್ತಿದ್ದ ನನ್ನ ಮನಸ್ಸಿನಲ್ಲಿ ಓಡುತ್ತಿದ್ದ ಪದ್ಯ ಅರ್ಧಕ್ಕೇ ನಿಂತಿತು. ಪಕ್ಕದಲ್ಲಿದ್ದ ಅವನ ಅಕ್ಕ ಊದಿದ ಕೆನ್ನೆಗೆ ಕರವಸ್ತ್ರ ಒತ್ತಿಕೊಂಡೇ ಮಾತಾಡಿದಳು.

“ಏನನ್ನ?”

“ಅಪ್ಪನ ಷೇರು. ಅದರ ಮೇಲೆ ಕಾಲ್ ಅಂತ ಒಂದು ಕರಾರು ಮಾರಿದ್ದೆ. ಬೆಲೆ ಎಷ್ಟೇ ಏರಲಿ, ಐನೂರಕ್ಕೇ ಕೊಡ್ತೀನಿ ಅಂತ ಒಪ್ಪಿ ಮುಂಗಡ ಇಸ್ಕೊಂಡೆ. ಈಗ ಏಳುನೂರಾಗಿದೆ. ನಾಳೆ ವಾಯಿದೆ ಮುಗಿಯುತ್ತೆ.”

“ಷೇರಿಂದ ಬಾಡಿಗೆ ಬರ್ತಿದೆ ಅಂತಿದ್ದೆಯಲ್ಲ?”

“ಇದೇ ಅದು. ಪ್ರತಿ ತಿಂಗಳೂ ಮಾರ್ತಿದ್ದೆ. ಬೆಲೆ ಏರ್ತಿರಲಿಲ್ಲ, ಷೇರೂ ಮುಂಗಡವೂ ನಮಗೇ ಉಳೀತಿತ್ತು.”

“ನಮಗೆ ಅನ್ನಬೇಡ. ಆ ದುಡ್ಡಿನ ಮುಖ ನಾನು ನೋಡಿಲ್ಲ. ಬಾಡಿಗೆ ತಿಂದೋನು ನೀನು, ಈಗ ಮನೇನೇ ಬರೆದುಕೊಟ್ಟು ಬಂದಿದ್ದೀಯ.”

“ಇವತ್ತು ಆ ಕಾಲನ್ನ ವಾಪಸ್ ಕೊಂಡರೆ ಷೇರು ಉಳಿಯುತ್ತೆ. ಆದರೆ ಬಂದ ಮುಂಗಡದ ಹತ್ತರಷ್ಟು ಕೊಡಬೇಕು.”

“ಅಪ್ಪ ಕುಲುಮೆ ಮುಂದೆ ಮೈ ಸುಟ್ಟುಕೊಂಡು ದುಡಿದಿದ್ದಕ್ಕೆ ಕಾರ್ಖಾನೆಯೋರು ಕೊಟ್ಟಿದ್ದು ಕಣೋ ಅದು. ಮಾರಬೇಡಿ ಅಂತ ಹೇಳೇ ಅಮ್ಮ ಕಣ್ಣು ಮುಚ್ಚಿದ್ದು.”

“ನಾನೆಲ್ಲಿ ಷೇರು ಮಾರಿದೆ ಅಕ್ಕ, ಕಾಲ್ ಮಾರಿದೆ.”

“ಆ ಜಾಣತನ ಅಮ್ಮನಿಗೆ ಹೊಳೆದಿರಲಿಲ್ಲ ಪಾಪ.”

ಅವನು ಮೊಬೈಲ್ ಜೇಬಿಗಿಟ್ಟು ಅವಳ ಕೈ ನೋಡಿದ.

“ನಿನ್ನ ಬಳೆ ಅಡ ಇಟ್ಟು ಕೊಡು. ಅಪ್ಪನದು ಅಂತ ಆ ಷೇರೊಂದಾದರೂ ಉಳಿಯಲಿ.”

ಒಳಗಿಂದ ನರ್ಸ್ ಕರೆದಳು. ಅಕ್ಕ ಎದ್ದು ನಿಂತಳು.

“ಉಳಿದರೆ ಮುಂದಿನ ತಿಂಗಳು ಮತ್ತೆ ಮಾರ್ತೀಯ. ಹೋಗಲಿ ಬಿಡು. ನಾನು ಕೊಡಲ್ಲ.”