ಕೊನೇ ಪುಟದ ತಪ್ಪು

ಕಾಲೇಜಿನ ವಾರ್ಷಿಕ ಸಂಚಿಕೆಯ ಕರಡು ಓದಿ ಮುಗಿಯುವಷ್ಟರಲ್ಲಿ ಮಳೆ ಹಿಡಿದುಕೊಂಡಿತ್ತು. ಸಂಪಾದಕ ಮಂಡಳಿ ಎಂಬ ದೊಡ್ಡ ಹೆಸರಿದ್ದರೂ ನಾವಿದ್ದದ್ದು ಐದೇ ಜನ, ಕೂರುತ್ತಿದ್ದದ್ದು ಗ್ರಂಥಾಲಯದ ಹಿಂದೆ ಹಳೇ ಅಚ್ಚುಕೂಟವಿದ್ದ ಕೋಣೆಯಲ್ಲಿ. ಈಗ ಅಲ್ಲಿ ಅಚ್ಚಿನ ಯಂತ್ರವಿಲ್ಲ. ಒಂದು ಕಂಪ್ಯೂಟರು, ಒಂದು ಪ್ರಿಂಟರು, ಗೋಡೆಯ ಮೇಲೆ ಮಸಿಯ ಕಲೆ, ಮತ್ತು ತಾತ. ಅಚ್ಚುಮೊಳೆ ಜೋಡಿಸಿ ಜೋಡಿಸಿ ಬೆರಳ ತುದಿ ಸವೆಸಿಕೊಂಡ ತಾತ ನಿವೃತ್ತರಾಗಿ ಎಷ್ಟೋ ಕಾಲವಾಗಿದ್ದರೂ ಪ್ರತಿ ವರ್ಷ ಕರಡು ನೋಡಲು ಬರುತ್ತಿದ್ದರು.

ಆ ಸಂಜೆ ಜಗಳ ಎದ್ದದ್ದು ಒಂದು ಕೆಂಪು ಗುರುತಿನಿಂದ. ನಾವು ತಾತನ ಜೊತೆ ಹೋಗಿ ಟೀ ಕುಡಿದು ಬರುವಷ್ಟರಲ್ಲಿ ಕೊನೆಯ ಪುಟದಲ್ಲಿ, ಸಂಚಿಕೆಗೆ ದುಡಿದವರ ಹೆಸರಿನ ಪಟ್ಟಿಯ ಕೆಳಗೆ, ‘ಇಲ್ಲಿ ಸೇರಿಸಿ’ ಎನ್ನುವ ಕೊಕ್ಕಿನಂಥ ಗುರುತು ಬಿದ್ದಿತ್ತು. ಏನು ಸೇರಿಸಬೇಕೆಂದು ಬರೆದಿರಲಿಲ್ಲ. ಸಂಪಾದಕನಾದ ನಾನು ಹಾಕಿರಲಿಲ್ಲ, ಉಳಿದ ನಾಲ್ವರೂ ಆಣೆ ಮಾಡಿದರು. ತಾತ ಹಾಳೆಯನ್ನು ಮುಟ್ಟಿ ನೋಡಿದರು, ಬಾಗಿಲ ಕಡೆ ಒಮ್ಮೆ ನೋಡಿದರು, ಆಮೇಲೆ ಮಾತು ಶುರುಮಾಡಿದರು.

“ಜಗಳ ಆಡ್ಬೇಡಿ, ನಿಮ್ಮಲ್ಲಿ ಯಾರೂ ಹಾಕಿಲ್ಲ. ಪ್ರತಿ ವರ್ಷ ನಾನೇ ಮೊದಲು ನೋಡಿ ಹಾಳೆ ಮುಚ್ಚಿಡ್ತಿದ್ದೆ, ಈ ಸಲ ನಿಮ್ಮ ಕಣ್ಣಿಗೆ ಬಿತ್ತು. ಮಳೆ ನಿಲ್ಲೋ ಹಾಗಿಲ್ಲ, ಕೂತ್ಕೊಳ್ಳಿ, ಹೇಳ್ತೀನಿ. ಹೆದರೋರು ಮಧ್ಯದಲ್ಲಿ ಕೂತ್ಕೊಳ್ಳಿ...

ಆಗ ಇದೇ ಕೋಣೇಲಿ ಕಾಲಲ್ಲಿ ತುಳಿಯೋ ಮೆಷಿನ್ ಇತ್ತು. ಆ ವರ್ಷ ಒಬ್ಬ ಹುಡುಗಿ ಸಂಪಾದಕಿ. ನಾವು ಅವಳನ್ನ ಕರಡಮ್ಮ ಅಂತಿದ್ವಿ, ಯಾಕೆ ಅಂದ್ರೆ ಬೇರೆಯೋರು ಎರಡು ಸಲ ಕರಡು ನೋಡಿದ್ರೆ ಇವಳು ನಾಲ್ಕು ಸಲ ನೋಡೋಳು, ಒಂದು ಕೊಂಬು ತಪ್ಪಿದ್ರೆ ಮನೇಲಿ ಸಾವಾದ ಹಾಗೆ ಮುಖ ಮಾಡೋಳು. ನಮ್ಮಿಬ್ಬರದೂ ಹಾವು ಮುಂಗುಸಿ ಅಂತ ನೋಡಿದೋರು ಅನ್ಕೋತಿದ್ರು. ಅಲ್ಲ ಮಕ್ಕಳೇ. ಹೆತ್ತ ಮಗಳಿಗಿಂತ ಹೆಚ್ಚಾಗಿ ಹಚ್ಚಿಕೊಂಡಿದ್ದೆ. ಮೊಳೆ ಜೋಡಿಸೋದು ನನ್ನ ಹತ್ರಾನೇ ಕಲಿತು, ತಿರುಗುಮುರುಗಾಗಿರೋ ಅಕ್ಷರಾನ ನನಗಿಂತ ಬೇಗ ಓದೋಳು.

ಕೊನೇ ಪುಟ ಬಿಗಿದು ಮೆಷಿನ್‌ಗೆ ಏರಿಸಿದ್ದೆ. ಇಂಥದೇ ಮಳೆ, ಇದೇ ಹೊತ್ತು. ಫೋನ್ ಬಂತು. ‘ಕೊನೇ ಪುಟದಲ್ಲಿ ಒಂದು ತಪ್ಪು ಉಳಿದಿದೆ, ಮೆಷಿನ್ ನಿಲ್ಸಿ, ಬರ್ತೀನಿ’ ಅಂದಳು. ಏನು ತಪ್ಪು ಹೇಳು, ನಾನೇ ತಿದ್ದುತೀನಿ ಅಂದೆ. ನಕ್ಕಳು. ‘ಹೇಳಿದ್ರೆ ನೀವು ಮಾಡಲ್ಲ, ನಾನೇ ಬರ್ಬೇಕು’ ಅಂದಳು. ಆವತ್ತು ಅದಾಗಲೇ ಮೂರು ಸಲ ಮೆಷಿನ್ ನಿಲ್ಲಿಸಿದ್ದಳು, ನನ್ನ ಸಿಟ್ಟೋ ಮೂಗಿನ ತುದೀಲೇ ಇರ್ತಿತ್ತು. ‘ಅರ್ಧ ಗಂಟೆ ಕಾಯ್ತೀನಿ, ಆಮೇಲೆ ನೀನು ಬಂದ್ರೂ ಅಷ್ಟೆ, ಬಿಟ್ರೂ ಅಷ್ಟೆ’ ಅಂತ ಫೋನ್ ಕುಕ್ಕಿದೆ. ಬೆಳಗಿನ ತನಕ ಕಾಯ್ತೀನಿ, ನಿಧಾನವಾಗಿ ಬಾರಮ್ಮ ಅಂದಿದ್ರೆ ನನ್ನ ಗಂಟೇನು ಹೋಗ್ತಿತ್ತು?

ಅರ್ಧ ಗಂಟೆ ಆಯ್ತು... ಒಂದು ಗಂಟೆ ಆಯ್ತು... ಬೈಕೊಂಡು ಕೂತಿದ್ದೆ. ವಾಚ್‌ಮನ್ ಓಡಿ ಬಂದ. ಗೇಟಿನ ಹತ್ರದ ಇಳಿಜಾರಲ್ಲಿ ಸೈಕಲ್ ಜಾರಿದೆ, ಹಿಂದೆ ಲಾರಿ... ಅಷ್ಟೇ.

ಅವಳಿಗೆ ಕಂಡ ತಪ್ಪು ಅವಳ ಜೊತೆಗೇ ಹೋಯ್ತು. ಆ ಪುಟಾನ ಮುಂದಿನಿಂದ ಓದಿದೆ, ಹಿಂದಿನಿಂದ ಓದಿದೆ, ಮೇಷ್ಟ್ರುಗಳಿಗೆ ಕೊಟ್ಟು ಓದಿಸಿದೆ. ಎಳ್ಳಷ್ಟೂ ತಪ್ಪು ಸಿಗಲಿಲ್ಲ, ಹಾಗೇ ಅಚ್ಚಾಯ್ತು.

ಮುಂದಿನ ವರ್ಷ ಕೊನೇ ಪುಟದ ಕರಡು ತೆಗೆದು, ಕೈಗಂಟಿದ ಮಸಿ ತೊಳ್ಕೊಂಡು ಬರೋಷ್ಟರಲ್ಲಿ ಪಟ್ಟಿ ಕೆಳಗೆ ಇದೇ ಗುರುತು. ಸ್ಟೂಲಿನ ಮೇಲೆ ನೀರು, ಯಾರೋ ನೆಂದು ಬಂದು ಕೂತು ಎದ್ದ ಹಾಗೆ. ಅವಳೇ ಅಂತ ಗೊತ್ತಾಯ್ತು. ಏನು ಸೇರಿಸಲಿ ತಾಯಿ? ಪೂರ್ಣವಿರಾಮ ಬಿಟ್ಟಿದೀನಾ? ಹಾಕಿದೆ. ಅದರ ಮುಂದಿನ ವರ್ಷ ಮತ್ತೆ ಗುರುತು. ಅವಳ ನೆನಪಿಗೆ ಅಂತ ಅವಳ ಹೆಸರೇ ಹಾಕಿಸಿದೆ. ಮತ್ತೆ ಗುರುತು. ಇಪ್ಪತ್ತಾರು ವರ್ಷ ಹುಡುಕಿದೆ ಮಕ್ಕಳೇ... ಮೆಷಿನ್ ಹೋಯ್ತು, ಕಂಪ್ಯೂಟರ್ ಬಂತು, ಅವಳು ಮಾತ್ರ ಬರೋದು ಬಿಡಲಿಲ್ಲ.

ಕೊನೆಗೆ ಕಂಡುಹಿಡಿದದ್ದು ಯಾರು ಅಂತೀರಿ? ನನ್ನ ಮೊಮ್ಮಗಳು. ಆಗಷ್ಟೇ ಅಕ್ಷರ ಕೂಡಿಸಿ ಓದೋದು ಕಲಿತಿದ್ದಳು. ಕರಡಮ್ಮನ ವರ್ಷದ ಸಂಚಿಕೆ ತೆಗೆದು ಪಟ್ಟಿಲಿರೋ ಹೆಸರೆಲ್ಲ ಜೋರಾಗಿ ಓದಿದಳು... ಪ್ರಿನ್ಸಿಪಾಲರು, ಮೇಷ್ಟ್ರು, ಚಿತ್ರ ಬರೆದೋನು, ಕಾಗದ ಕೊಟ್ಟ ಅಂಗಡಿಯೋರು. ಎಲ್ಲ ಓದಿ, ‘ತಾತ, ನಿನ್ನ ಹೆಸರೆಲ್ಲಿ?’ ಅಂದಳು.

ನೂರಾರು ಜನರ ಹೆಸರು ಜೋಡಿಸಿದೋನು ನಾನು. ನನ್ನದೂ ಅಲ್ಲಿ ಇರಬಹುದು ಅಂತ ನನ್ನ ತಲೆಗೇ ಹೊಳೆದಿರಲಿಲ್ಲ, ಯಾರ ತಲೆಗೂ ಹೊಳೆದಿರಲಿಲ್ಲ. ಆ ಹುಡುಗಿ ಒಬ್ಬಳಿಗೇ ಹೊಳೆದದ್ದು. ಅದನ್ನ ಸೇರಿಸೋಕೆ ಆ ಮಳೇಲಿ ಹೊರಟಳು... ನಾನು ಅವಳಿಗೆ ಅರ್ಧ ಗಂಟೆ ಕೊಟ್ಟಿದ್ದೆ.”

ತಾತ ಕನ್ನಡಕ ತೆಗೆದು ಒರೆಸಿಕೊಂಡರು. ನಮ್ಮಲ್ಲೊಬ್ಬಳು ಅಳುತ್ತಿದ್ದಳು. ನಾನು ಕಂಪ್ಯೂಟರಿನ ಕಡೆ ತಿರುಗಿ, ಈಗಲೇ ಸೇರಿಸುತ್ತೇನೆ, ನಿಮ್ಮ ಹೆಸರು ಹೇಳಿ ಎಂದೆ. ಕೇಳಿದ ಮೇಲೆ ನಾಚಿಕೆಯಾಯಿತು. ಮೂರು ವರ್ಷದಿಂದ ಒಟ್ಟಿಗೆ ಕೂತಿದ್ದರೂ ನಮ್ಮ ಐವರಲ್ಲಿ ಒಬ್ಬರಿಗೂ ಅವರ ಹೆಸರು ಗೊತ್ತಿರಲಿಲ್ಲ.

“ಬೇಡಪ್ಪ,” ಎಂದರು ತಾತ. “ನನಗೆ ಗೊತ್ತಾಗಿ ಎಂಟು ವರ್ಷ ಆಯ್ತು, ಯಾರಿಗೂ ಹೇಳಿಲ್ಲ. ಸೇರಿಸಿದ್ರೆ ಅವಳ ಕೆಲಸ ಮುಗೀತು, ಆಮೇಲೆ ಬರಲ್ಲ. ಪಾಪ, ಎಷ್ಟು ವರ್ಷ ಅಂತ ಹೀಗೆ ನೆನೀತಾಳೆ, ಕಳಿಸಿಬಿಡಬೇಕು ಅಂತ ಪ್ರತಿ ಸಲ ಅನ್ಕೋತೀನಿ... ಆಗಲ್ಲ. ಸ್ವಾರ್ಥ ಅನ್ನಿ, ಏನು ಬೇಕಾದ್ರೂ ಅನ್ನಿ. ವರ್ಷಕ್ಕೆ ಒಂದು ಸಂಜೆ ಅವಳು ಆ ಕಡೆ ನಾನು ಈ ಕಡೆ ಕೂತು ಕರಡು ಓದ್ತೀವಿ, ಅದನ್ನೂ ಕಳ್ಕೊಂಡು ನಾನು ಹೇಗಿರಲಿ?

ಸರಿ, ಇನ್ನು ಏಳಿ. ಮಳೆ ಇದ್ರೂ ಪರವಾಗಿಲ್ಲ, ಹೊರಡಿ. ನಾವು ಟೀ ಕುಡಿದು ಬಂದಾಗಿನಿಂದ ಅವಳು ಹೊರಗೇ ನಿಂತಿದಾಳೆ, ಜನ ಇದ್ರೆ ಒಳಗೆ ಬರಲ್ಲ... ಬಾಗಿಲಲ್ಲಿ ಮಾತ್ರ ಸ್ವಲ್ಪ ಪಕ್ಕಕ್ಕೆ ಸರಿದು ಹೋಗಿ. ಮೈಗೆ ತಣ್ಣಗೆ ತಾಕಿದ್ರೆ ತಿರುಗಿ ನೋಡಬೇಡಿ.”