ಹರಿಗೋಲು ಹೊತ್ತ ಮದುವೆ ಗಂಡು

ಹತ್ತಿರ ಬನ್ನಿ, ಜಗಲಿ ತುಂಬ ಜಾಗ ಐತೆ. ನಾನು ಕತೆ ಹೇಳ್ತೀನಿ, ನೀವು ಹ್ಞೂಂ ಅನ್ಬೇಕು. ಹ್ಞೂಂ ಅನ್ನೋರಿಲ್ಲ ಅಂದ್ರೆ ಕತೆ ಮುನಿಸ್ಕೊಂಡು ಎದ್ದು ಹೋಗುತ್ತೆ, ಅದರ ಹಿಂದೆ ನಾನೂ ಹೋಗ್ತೀನಿ.

ನಿನ್ನೆ ನಮ್ಮೂರ ಮೇಷ್ಟ್ರು ಬಂದಿದ್ರು. "ಅಜ್ಜಿ, ಚೀನಾ ದೇಶದಲ್ಲಿ ತಾವೋ ಅಂತ ಒಂದು ಮಾರ್ಗ ಐತೆ. ತಾವೋ ಅಂದ್ರೇನೇ ದಾರಿ. ಆ ದಾರಿ ಹಿಡಿದೋರು ನೀರಿನಂಗೆ ಬದುಕ್ತಾರೆ. ಮೆತ್ತಗಿದ್ದೇ ಗಟ್ಟಿಯಾದದ್ದನ್ನ ಗೆಲ್ತಾರೆ, ಮಾಡದೇನೇ ಮಾಡ್ತಾರೆ" ಅಂದ್ರು. ಮಾಡದೇ ಮಾಡೋದಾ? ನಮ್ಮನೆ ಯಜಮಾನ ಅರವತ್ತು ವರ್ಷ ಅದನ್ನೇ ಮಾಡಿದ್ದು ಕಣಪ್ಪ ಅಂದೆ! "ಅದು ಸೋಮಾರಿತನ ಅಜ್ಜಿ, ಇದು ಬೇರೆ" ಅಂದ್ರು. ಹೆಂಗೆ ಬೇರೆ? ಆಗ ಈ ಕತೆ ನೆನಪಾಯ್ತು. ಕೇಳಿ.

ಬಹಳ ಕಾಲದ ಕೆಳಗೆ ಒಂದು ಸೀಮೆ. ಯಾವ ಸೀಮೆ? ಅದನ್ನ ಆಳ್ತಿದ್ದ ಅರಸನಿಗೇ ಅದರ ಹೆಸರು ಮರೆತುಹೋಗಿತ್ತು, ನನಗೆಲ್ಲಿ ಗೊತ್ತು! ಆ ಸೀಮೇಲಿ ಒಂದು ಹೊಳೆ. ಹೊಳೆಯ ಈ ದಡದ ಊರಲ್ಲಿ ಕೆಂಡಗಣ್ಣ ಅಂತ ಒಬ್ಬ ಪೈಲ್ವಾನ. ತೋಳು ಒನಕೆ, ತೊಡೆ ಒನಕೆ. ಬುದ್ಧಿ? ಅದೂ ಒನಕೆನೇ! ಬಗ್ಗಿದೋನಿಗೆ ಒಂದು ಗುದ್ದು ಹೆಚ್ಚು ಅಂತ ಗರಡೀಲಿ ಕಲಿತಿದ್ದ. ಯಾರಿಗೂ ಬಗ್ಗಿದೋನಲ್ಲ.

ಆ ದಡದ ಊರಿನ ಮಲ್ಲಾಜಿ ಜೊತೆ ಅವನ ಮದುವೆ ಗೊತ್ತಾಯ್ತು. ಇಬ್ಬರೂ ನೋಡಿ, ಮೆಚ್ಚಿ, ಒಪ್ಪಿದ ಸಂಬಂಧ. ಅವಳ ಹೆಸರು ಹೇಳಿದ್ರೆ ಸಾಕು, ಪೈಲ್ವಾನ ಬೆಣ್ಣೆಯಾಗೋನು.

ಆದ್ರೆ ಮಲ್ಲಾಜಿಗೊಬ್ಬ ಸೋದರಮಾವ ಇದ್ದ, ಬಿಳಿಗಿರಯ್ಯ. ತಲೆ ನರೆತಿತ್ತು, ಹೆಂಡತಿ ತೀರಿಹೋಗಿದ್ಲು, ಆಸೆ ಮಾತ್ರ ಹಂಗೇ ಇತ್ತು. ಅವನು ಪಂಚರ ಮುಂದೆ ಹೇಳ್ದ: "ಹೆಣ್ಣಿನ ಮೇಲೆ ಮೊದಲ ಹಕ್ಕು ಸೋದರಮಾವಂದು. ಹೋಗ್ಲಿ, ಬಿಟ್ಟುಕೊಟ್ಟೆ. ಆದ್ರೆ ಸೂರ್ಯ ನೆತ್ತಿಗೆ ಬರೋ ಮುಹೂರ್ತಕ್ಕೆ ಗಂಡು ಹಸೆಮಣೆ ಮೇಲೆ ಇಲ್ದಿದ್ರೆ, ತಾಳಿ ನಾನೇ ಕಟ್ಟೋದು." ಪಂಚರು ತಲೆ ಆಡಿಸಿದ್ರು. ಕಟ್ಟಳೆ ಕಣವ್ವ, ಏನು ಮಾಡ್ತೀಯ?

ಮದುವೆ ದಿನ ಬಂತು. ದಿಬ್ಬಣ ಹೊತ್ತು ಮೂಡೋ ಮುಂಚೆನೇ ಹೊಳೆ ದಾಟ್ತು. ಗಂಡು? "ಸಾಮು ತೆಗೀದೆ ನಾನು ಬರಲ್ಲ. ಹೊಳೆ ಏನು ಮಹಾ, ನಾಲ್ಕು ಸಲ ಹುಟ್ಟು ಹಾಕಿದ್ರೆ ಆ ದಡ" ಅಂದ. ನೂರು ದಂಡ ಹೊಡೆದ, ನೂರು ಬಸ್ಕಿ ತೆಗೆದ, ಆಮೇಲೆ ಬಾಸಿಂಗ ಕಟ್ಕೊಂಡು ಹೊಳೆಗೆ ಬಂದ.

ಅಲ್ಲಿ ಹರಿಗೋಲಿನ ಪುಟ್ಟಮಾದಮ್ಮ ಇದ್ಲು. ಹರಿಗೋಲು ನೋಡಿದ್ದೀರಲ್ಲ? ಬಿದಿರಿನ ದೊಡ್ಡ ಬುಟ್ಟಿ, ತಳಕ್ಕೆ ಚರ್ಮ. ದುಂಡಗಿರುತ್ತೆ. ಅದಕ್ಕೆ ಮುಂದಿಲ್ಲ, ಹಿಂದಿಲ್ಲ.

"ಬಾ ಮಗಾ, ಮೊದಲು ಹೊಳೆ ಬರೋ ಕಡೆಗೆ ಒಂದಷ್ಟು ದೂರ ಮೇಲಕ್ಕೆ ನಡಿ" ಅಂದ್ಲು.

"ಮದುವೆ ಚಪ್ಪರ ಎದುರಿಗೇ ಕಾಣ್ತೈತೆ! ನಾನ್ಯಾಕವ್ವ ಮೇಲಕ್ಕೆ ಹೋಗ್ಲಿ? ಕೊಡಿಲ್ಲಿ ಹುಟ್ಟು."

"ಆಗ್ಲಿ" ಅಂದ್ಲು. ಎಲೆ ಅಡಿಕೆ ಚೀಲ ಬಿಚ್ಕೊಂಡು ಬಂಡೆ ಮೇಲೆ ಕೂತ್ಲು.

ಮೊದಲನೇ ಸಲ ಬಲಗೈ ಬಲ ಎಲ್ಲ ಸೇರಿಸಿ ಹುಟ್ಟು ಹಾಕ್ದ. ಹರಿಗೋಲು ರಾಗಿ ಬೀಸೋ ಕಲ್ಲಿನಂಗೆ ಗಿರ್ ಅಂತ ಎಡಕ್ಕೆ ತಿರುಗ್ತು. ತಿರುಗಿ ತಿರುಗಿ ಈ ದಡಕ್ಕೇ ಬಂತು. ಎರಡನೇ ಸಲ ಎಡಗೈ ಬಲ ಎಲ್ಲ ಹಾಕ್ದ. ಗಿರ್ ಅಂತ ಬಲಕ್ಕೆ ತಿರುಗ್ತು. ಬಾಸಿಂಗ ಉಳೀತು, ಪೇಟ ಹೊಳೆಗೆ ಬಿತ್ತು, ಗಂಡು ಈ ದಡಕ್ಕೆ ಬಂತು. ಮೂರನೇ ಸಲ ಹಲ್ಲು ಕಚ್ಚಿ ಆ ಕಡೆಗೊಂದು ಈ ಕಡೆಗೊಂದು ಹಾಕ್ದ. ನೆಟ್ಟಗೆ ಹೋಯ್ತು! ನಡು ಹೊಳೆವರೆಗೂ ಹೋಯ್ತು! ಅಲ್ಲಿ ಸೆಳವು ಬಿಡುತ್ತಾ? ಎಳ್ಕೊಂಡು ಹೋಗಿ ಕೆಳಗಿನ ತಿರುವಲ್ಲಿ ಈ ದಡದ ಮರಳಿಗೇ ಎಸೀತು.

ಹರಿಗೋಲು ಎಳ್ಕೊಂಡು ನೆನೆದ ಕೋಳಿಯಂಗೆ ವಾಪಸ್ ಬಂದ. ಸೂರ್ಯ ನೆತ್ತಿಗೆ ಹತ್ತಿರ. ಆ ದಡದಿಂದ ಓಲಗ ಕೇಳ್ತಿತ್ತು. ಬೆಟ್ಟದಂಥ ಆಳು ಕುಕ್ಕರು ಕೂತು ಅತ್ತುಬಿಟ್ಟ. "ಅವ್ವಾ, ನನ್ನ ಮಲ್ಲಾಜಿ ಕೈ ತಪ್ಪಿದ್ಲು. ಇದ್ದ ಬಲ ಎಲ್ಲ ಹಾಕ್ದೆ ಕಣವ್ವ!"

"ಅದೇ ಕಣೋ ಕೆಟ್ಟಿದ್ದು. ಅತಿಯಾದ್ರೆ ಅಮೃತಾನೂ ವಿಷ. ಹೊಳೆ ನಿನ್ನ ಜೊತೆ ಕುಸ್ತಿಗೆ ಬಂದಿಲ್ಲ. ಏಳು, ಹರಿಗೋಲು ಹೊರು. ನಿನ್ನ ಬಲ ಬೇಕಾಗಿರೋದು ಇದಕ್ಕೆ."

ಹರಿಗೋಲು ತಲೆ ಮೇಲೆ ಹೊತ್ತು ದಡದಗುಂಟ ಮೇಲಕ್ಕೆ ಓಡ್ದ. ಹೆಜ್ಜೆ ಹೆಜ್ಜೆಗೂ ಚಪ್ಪರ ದೂರ ಆಗ್ತಿತ್ತು. ನೋಡಿ, ಪುಟ್ಟಮಾದಮ್ಮ ಸೋಮಾರಿಯಾಗಿದ್ರೆ ಅವನ ಹಿಂದೆ ಅಷ್ಟು ದೂರ ನಡೀತಿದ್ಲಾ? ಮೇಲೆ ಹೋಗಿ ನೀರಿಗಿಳಿಸಿದ್ರು. ಅವಳು ಅಲ್ಲೊಂದು ಇಲ್ಲೊಂದು ಮೆಲ್ಲಗೆ ಹುಟ್ಟು ಅದ್ದಿದ್ಲು. ನಡು ಹೊಳೇಲಿ ಹುಟ್ಟು ಎತ್ತಿ ತೊಡೆ ಮೇಲೆ ಇಟ್ಕೊಂಡುಬಿಟ್ಲು!

"ಅವ್ವಾ, ಹಾಕವ್ವಾ! ಹೊತ್ತಾಯ್ತು!"

"ನೀನು ಹೊತ್ತಿದ್ದಾಯ್ತು, ನಾನು ಹಾಕಿದ್ದಾಯ್ತು. ಇನ್ನು ಹೊಳೆ ಕೆಲಸ. ಗಾಳಿ ಬಂದಾಗ ತೂರ್ಕೋ ಅಂತಾರೆ, ಬಡ್ಕೊಂಡ್ರೆ ಬರುತ್ತಾ ಗಾಳಿ? ಸುಮ್ನೆ ನಡುವೆ ಕೂತ್ಕೋ."

ಸೆಳವು ಅಲ್ಲಿ ಆ ದಡದ ಕಡೆಗೇ ವಾಲ್ತಿತ್ತು. ತೇಲಿಸ್ಕೊಂಡು ಬಂದು ಚಪ್ಪರದ ಮುಂದೆನೇ ಇಳಿಸ್ತು.

ಕೆಂಡಗಣ್ಣ ಓಡ್ದ. ಏನು ನೋಡ್ದ? ಮುಹೂರ್ತಕ್ಕೆ ಇನ್ನೊಂದೇ ಗಳಿಗೆ ಇತ್ತು, ಆಗ್ಲೇ ಹಸೆಮಣೆ ಮೇಲೆ ಬಿಳಿಗಿರಯ್ಯ, ಕೈಯಲ್ಲಿ ತಾಳಿ. ಮಲ್ಲಾಜಿ ಬಿಕ್ಕಿ ಬಿಕ್ಕಿ ಅಳ್ತಿದ್ಲು. ಸೋದರಮಾವನ ಕಡೆಯೋರು ಹತ್ತು ಜನ ದೊಣ್ಣೆ ಹಿಡಿದು ನಿಂತಿದ್ರು.

ಕೆಂಡಗಣ್ಣನ ಮುಷ್ಟಿ ಬಿಗೀತು. ಮಲ್ಲಾಜಿ ಎದುರಿಗೇ ಇದ್ಲು, ನಾಲ್ಕು ಹೆಜ್ಜೆ. ನುಗ್ಗಿದ್ರೆ ದೊಣ್ಣೆ ಏಳುತ್ತೆ, ಹೊಡೆದಾಡೋದ್ರೊಳಗೆ ಮುಹೂರ್ತ ಹೋಗುತ್ತೆ. ಮುಷ್ಟಿ ಬಿಟ್ಟ. ಹೆಣ್ಣಿನ ಕಡೆಗೆ ಹೋಗ್ಲಿಲ್ಲ. ಸೀದಾ ಹೋಗಿ ಬಿಳಿಗಿರಯ್ಯನ ಕಾಲಿಗೆ ಉದ್ದಕ್ಕೆ ಬಿದ್ದ!

"ಮಾವ, ತಪ್ಪು ನಂದು. ಹಕ್ಕು ನಿಮ್ಮದು. ನೀವು ಹಿರೀಕರು, ನಿಮ್ಮ ಆಶೀರ್ವಾದ ಒಂದು ಕೊಡಿ."

ಗುದ್ದು ಬೀಳುತ್ತೆ ಅಂತ ಕಣ್ಣು ಮುಚ್ಚಿದ್ದ ಬಿಳಿಗಿರಯ್ಯ ಕಣ್ಣು ಬಿಟ್ಟ. ಸೀಮೆಗೇ ಬಗ್ಗದ ಪೈಲ್ವಾನ ತನ್ನ ಕಾಲಲ್ಲಿ! ಎದೆ ಉಬ್ಬಿತು, ಕಣ್ಣು ತುಂಬಿತು. ಕಾಲಿಗೆ ಬಿದ್ದೋರನ್ನ ಹರಸದೆ ಬಿಡೋ ಹಂಗಿಲ್ಲ. ತಾಳಿ ತಟ್ಟೇಲಿಟ್ಟ, ಎರಡೂ ಕೈ ತುಂಬ ಅಕ್ಷತೆ ತಗೊಂಡ. ಬಾಸಿಂಗ ಕಟ್ಟಿದೋನಿಗೆ ಇನ್ನೇನಂತ ಹರಸ್ತಾರೆ? "ಗಂಡ ಹೆಂಡ್ತಿ ನೂರು ಕಾಲ ಬಾಳಿ" ಅಂತ ಸುರಿದೇಬಿಟ್ಟ!

ಪಂಚರು ಎದ್ದು ನಿಂತ್ರು. "ಬಿಳಿಗಿರಯ್ಯಾ, ಗಂಡಿಗೆ ಅಕ್ಷತೆ ಹಾಕಿದ ಕೈ ಇನ್ನು ತಾಳಿ ಕಟ್ಟಂಗಿಲ್ಲ. ಏಳಪ್ಪ ಮೇಲೆ." ಗಟ್ಟಿಮೇಳ ಮೊಳಗ್ತು. ಸೂರ್ಯ ನೆತ್ತಿಗೂ ಬಂದ, ಕೆಂಡಗಣ್ಣ ತಾಳಿಯೂ ಕಟ್ಟಿದ. ಮಲ್ಲಾಜಿ ಅಳ್ತಾ ಅಳ್ತಾನೇ ನಕ್ಕುಬಿಟ್ಲು.

ಬಿಳಿಗಿರಯ್ಯ ತನ್ನ ಖಾಲಿ ಕೈ ನೋಡ್ಕೊಂಡ. ಒಂದು ಗಳಿಗೆ ಮುಖ ಗಂಟಿಕ್ಕಿದ, ಆಮೇಲೆ ಅವನಿಗೂ ನಗು ತಡೀಲಿಲ್ಲ.

"ಲೇ ಪೈಲ್ವಾನಾ, ಎಂಥಾ ಪಟ್ಟು ಹಾಕ್ದೆ! ಯಾವ ಗರಡೀಲಿ ಕಲಿತೆಯೋ ಇದನ್ನ?"

"ಹೊಳೇಲಿ ಕಲಿತೆ ಮಾವ, ಈಗ ಬರ್ತಾ."

ಅವರ ಮದುವೆ ಊಟ ಅವರು ಉಂಡ್ರು, ನನ್ನ ಕತೆ ನಾನು ಹೇಳ್ದೆ. ಕೇಳಿದೋರ ಮನೆ ತಣ್ಣಗಿರಲಿ, ಹೇಳಿದೋಳ ಬಾಯಿಗೆ ಒಂದು ಎಲೆ ಅಡಿಕೆ ಬೀಳಲಿ.